ಹಿಂಗಾರು ಮುನ್ನೋಟವನ್ನು ಗ್ರಾಮ ಪಂಚಾಯತಿ ಸದಸ್ಯರು ಓದಬೇಕಾದ ಬಗೆ

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳು ಮುಗಿಯುವ ಹೊತ್ತಿಗೆ ಭಾರತ ಹವಾಮಾನ ಇಲಾಖೆಯು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯ ಮುನ್ನೋಟವನ್ನು ಪ್ರಕಟಿಸುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಅದು “ಈ ಬಾರಿ ಹಿಂಗಾರು ವಾಡಿಕೆಯಂತೆ” ಎಂದೋ “ವಾಡಿಕೆಗಿಂತ ಹೆಚ್ಚು” ಎಂದೋ ಒಂದು ಸಾಲಿನ ಸುದ್ದಿಯಾಗಿ ಬರುತ್ತದೆ. ಆ ಒಂದು ಸಾಲನ್ನು ನಂಬಿ ಸದಸ್ಯರೊಬ್ಬರು ತಮ್ಮ ಗ್ರಾಮದ ಕೆರೆಯ ಏರಿಗೆ ಈ ವರ್ಷ ಭಯವಿಲ್ಲವೆಂದು ತಿಳಿದರೆ, ಅಥವಾ ರಾಗಿ ಕುಯ್ಲಿಗೆ ಅವಸರವಿಲ್ಲವೆಂದು ರೈತರಿಗೆ ಹೇಳಿದರೆ, ಮುನ್ನೋಟವು ಹೇಳದೇ ಇರುವ ಮಾತನ್ನು ನೆಚ್ಚಿದಂತಾಗುತ್ತದೆ. ಋತುವಿನ ಮುನ್ನೋಟವು ಮೂರು ತಿಂಗಳ ಮಳೆಯ ಮೊತ್ತವನ್ನು ಕುರಿತದ್ದು. ಏರಿ ಒಡೆಯುವುದು ಒಂದು ರಾತ್ರಿಯಲ್ಲಿ; ಹೊಲದಲ್ಲಿ ಹಾಸಿದ ರಾಗಿ ಮೊಳೆಯುವುದು ಮೂರು ನಾಲ್ಕು ದಿನಗಳಲ್ಲಿ. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮುನ್ನೋಟವನ್ನು ಹೇಗೆ ಅರ್ಥೈಸಬೇಕು ಮತ್ತು ಯಾವ ಸೂಚನೆಯ ಮೇಲೆ ಯಾವ ಕೆಲಸವನ್ನು ಕೈಗೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಳೆ ಯಾವ ಕಡಲಿನಿಂದ ಬರುತ್ತದೆ

ಜಿಲ್ಲೆಯು ಅರಬ್ಬೀ ಸಮುದ್ರದಿಂದಲೂ ಬಂಗಾಳ ಕೊಲ್ಲಿಯಿಂದಲೂ ನೇರ ಗೆರೆಯಲ್ಲಿ ಹೆಚ್ಚು ಕಡಿಮೆ ಸಮಾನ ದೂರದಲ್ಲಿದೆ. ಎರಡೂ ಕಡೆಗೆ 300 ಕಿ.ಮೀ. ಆಸುಪಾಸು. ಆದರೆ ಪಶ್ಚಿಮದ ದಾರಿಯಲ್ಲಿ ಘಟ್ಟಗಳ ಎತ್ತರದ ಗೋಡೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕರಾವಳಿಯ ಜಿಲ್ಲೆಗಳು ಸರಾಸರಿ 3000 ಮಿ.ಮೀ.ಗೂ ಹೆಚ್ಚು ಮಳೆ ಪಡೆಯುವಾಗ, ಘಟ್ಟವನ್ನು ದಾಟಿ ಬಂದ ಗಾಳಿಯಲ್ಲಿ ಒಳನಾಡಿಗೆ ಉಳಿಯುವ ತೇವ ಕಡಿಮೆ. ಬೆಂಗಳೂರು ಗ್ರಾಮಾಂತರದಲ್ಲಿ ವರ್ಷವಿಡೀ ಬೀಳುವ ವಾಡಿಕೆ ಮಳೆಯೇ ಸುಮಾರು 800 ಮಿ.ಮೀ. ಈ ಕಾರಣದಿಂದ ಜುಲೈ ತಿಂಗಳಲ್ಲಿ ದೂರದರ್ಶನದಲ್ಲಿ ಕಾಣುವ “ಕರಾವಳಿಯಲ್ಲಿ ಕೆಂಪು ಎಚ್ಚರಿಕೆ” ಎಂಬ ಸುದ್ದಿಗೂ ನೆಲಮಂಗಲದ ಹೊಲಕ್ಕೂ ಸಂಬಂಧ ಅಷ್ಟಾಗಿ ಇರುವುದಿಲ್ಲ.

ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆಯಾಗುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಮುಂಗಾರು ಹಿಂದೆ ಸರಿಯುವ ಈ ಅವಧಿಯಲ್ಲಿ ಹಗಲಿನ ಬಿಸಿಲಿಗೆ ಕಾದ ನೆಲದ ಮೇಲೆ ಸಂಜೆಯ ಹೊತ್ತಿಗೆ ಗುಡುಗಿನ ಮೋಡಗಳು ಕಟ್ಟಿ, ಒಂದು ಹೋಬಳಿಗೆ ಸುರಿದು ಪಕ್ಕದ ಹೋಬಳಿಯನ್ನು ಒಣಗಿಸಿಯೇ ಬಿಡುವುದುಂಟು. ಅಕ್ಟೋಬರ್ ಮೂರನೆಯ ವಾರದ ಸುಮಾರಿಗೆ ಗಾಳಿಯ ದಿಕ್ಕು ಈಶಾನ್ಯಕ್ಕೆ ತಿರುಗುತ್ತದೆ. ಅಲ್ಲಿಂದ ಡಿಸೆಂಬರ್ ಮಧ್ಯದವರೆಗೆ ಜಿಲ್ಲೆಯ ದೊಡ್ಡ ಮಳೆಗಳು ಬಹುತೇಕ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳನ್ನು ಅವಲಂಬಿಸಿರುತ್ತವೆ. ರೈತರ ಲೆಕ್ಕದಲ್ಲಿ ಇದು ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಮಳೆಗಳ ಕಾಲ. ಹವಾಮಾನ ಇಲಾಖೆಯ ಋತು ಅಕ್ಟೋಬರ್ 1ಕ್ಕೆ ಆರಂಭವಾದರೆ ಹಸ್ತ ಮಳೆ ಸೆಪ್ಟೆಂಬರ್ ಕೊನೆಯ ವಾರಕ್ಕೇ ಹುಟ್ಟುತ್ತದೆ. ಗ್ರಾಮ ಸಭೆಯಲ್ಲಿ ಮಾತನಾಡುವಾಗ ಈ ಎರಡೂ ಲೆಕ್ಕಗಳನ್ನು ಜೊತೆಯಾಗಿ ಹೇಳಿದರೆ ಹಿರಿಯ ರೈತರಿಗೆ ವಿಷಯ ಬೇಗ ತಲುಪುತ್ತದೆ.

ಆದುದರಿಂದ ನವೆಂಬರ್ ತಿಂಗಳಲ್ಲಿ ಸದಸ್ಯರು ಗಮನಿಸಬೇಕಾದ ಕರಾವಳಿಯೆಂದರೆ ಮಂಗಳೂರಿನದಲ್ಲ, ಚೆನ್ನೈ ಮತ್ತು ನೆಲ್ಲೂರಿನದು. ಉತ್ತರ ತಮಿಳುನಾಡು ಅಥವಾ ದಕ್ಷಿಣ ಆಂಧ್ರದ ತೀರವನ್ನು ವಾಯುಭಾರ ಕುಸಿತವೊಂದು ದಾಟಲಿದೆ ಎಂಬ ಸುದ್ದಿ ಬಂದರೆ, ಅದು ಮೊದಲು ಹೊಸಕೋಟೆ ತಾಲ್ಲೂಕಿನ, ಬಳಿಕ ಉಳಿದ ಮೂರು ತಾಲ್ಲೂಕುಗಳ ಸುದ್ದಿಯಾಗುವ ಸಂಭವ ಹೆಚ್ಚು. 2021ರ ನವೆಂಬರ್ 11ರಂದು ಚೆನ್ನೈ ಸಮೀಪ ಒಂದು ವಾಯುಭಾರ ಕುಸಿತ ತೀರವನ್ನು ದಾಟಿತು. ನವೆಂಬರ್ 19ರಂದು ಪುದುಚೇರಿ ಹಾಗೂ ಚೆನ್ನೈ ನಡುವೆ ಮತ್ತೊಂದು ದಾಟಿತು. ಆ ತಿಂಗಳ ಮೂರನೆಯ ವಾರ ಮುಗಿಯುವ ಹೊತ್ತಿಗೆ ಬೆಂಗಳೂರು ಸುತ್ತಲಿನ ಕೆರೆಗಳು ತುಂಬಿ ಹರಿದವು, ಯಲಹಂಕದ ಬಡಾವಣೆಗಳಿಗೆ ನೀರು ನುಗ್ಗಿತು, ಹಳೆಯ ಮೈಸೂರು ಭಾಗದುದ್ದಕ್ಕೂ ಕುಯ್ಲಿಗೆ ಬಂದ ರಾಗಿ ನೆಲಕ್ಕೊರಗಿತು. 2022ರ ಡಿಸೆಂಬರ್‌ನ ಮಾಂಡೌಸ್, 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಾಟಿದ ಫೆಂಗಲ್ ಚಂಡಮಾರುತಗಳೂ ಇಲ್ಲಿನ ಕಣಗಳನ್ನು ತೋಯಿಸಿದವು. ಇದಕ್ಕೆ ವ್ಯತಿರಿಕ್ತವಾಗಿ 2023ರ ಡಿಸೆಂಬರ್ 5ರಂದು ಬಾಪಟ್ಲದ ಬಳಿ, ಅಂದರೆ ಇನ್ನೂ ಉತ್ತರಕ್ಕೆ ದಾಟಿದ ಮಿಚಾಂಗ್, ಚೆನ್ನೈಯನ್ನು ಮುಳುಗಿಸಿಯೂ ಈ ಕಡೆ ಹೆಚ್ಚಿನ ಮಳೆ ತರಲಿಲ್ಲ. ಚಂಡಮಾರುತದ ಹೆಸರಿಗಿಂತ ಅದು ತೀರವನ್ನು ದಾಟುವ ಜಾಗವೇ ಜಿಲ್ಲೆಯ ಪಾಲಿಗೆ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

“ವಾಡಿಕೆ” ಎಂಬ ಪದದ ಎರಡು ಅರ್ಥಗಳು

ಹಿಂಗಾರಿನ ಮುನ್ನೋಟವನ್ನು ಹವಾಮಾನ ಇಲಾಖೆಯು ಜಿಲ್ಲೆಗೆ ಪ್ರತ್ಯೇಕವಾಗಿ ನೀಡುವುದಿಲ್ಲ. ತಮಿಳುನಾಡು ಮತ್ತು ಪುದುಚೇರಿ, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ, ದಕ್ಷಿಣ ಒಳನಾಡು ಕರ್ನಾಟಕ ಎಂಬ ಐದು ಉಪವಿಭಾಗಗಳನ್ನು ಒಟ್ಟುಗೂಡಿಸಿ ದಕ್ಷಿಣ ಪರ್ಯಾಯ ದ್ವೀಪಕ್ಕೆ ಒಂದೇ ಅಂಕಿಯನ್ನು ಹೇಳುತ್ತದೆ. 1971ರಿಂದ 2020ರವರೆಗಿನ ದಾಖಲೆಯಂತೆ ಈ ಇಡೀ ಪ್ರದೇಶದ ಮೂರು ತಿಂಗಳ ಸರಾಸರಿ ಮಳೆ ಸುಮಾರು 334 ಮಿ.ಮೀ. ಅದರ ಶೇ 88ರಿಂದ 112ರೊಳಗೆ ಬಿದ್ದರೆ “ವಾಡಿಕೆ” ಎನ್ನಲಾಗುತ್ತದೆ. ನಾಗಪಟ್ಟಣದಲ್ಲಿ ಸುರಿದು ದೇವನಹಳ್ಳಿಯಲ್ಲಿ ಸುರಿಯದಿದ್ದರೂ ಆ ಅಂಕಿ ಸರಿಯಾಗಿಯೇ ಇರಬಹುದು.

ಜೊತೆಯಲ್ಲಿ ಬರುವ ಬಣ್ಣದ ನಕ್ಷೆಯನ್ನೂ ಎಚ್ಚರದಿಂದ ನೋಡಬೇಕು. ಹಿಂದಿನ ವರ್ಷಗಳ ಮಳೆಯನ್ನು ಕಡಿಮೆ, ವಾಡಿಕೆ, ಹೆಚ್ಚು ಎಂದು ಮೂರು ಸಮಪಾಲು ಮಾಡಿ, ಈ ವರ್ಷ ಯಾವ ಪಾಲಿಗೆ ಸೇರುವ ಸಂಭವ ಹೆಚ್ಚು ಎಂಬುದನ್ನು ಆ ಬಣ್ಣಗಳು ತೋರಿಸುತ್ತವೆ. ಏನೂ ತಿಳಿಯದಿದ್ದಾಗಲೂ ಪ್ರತಿ ಪಾಲಿಗೆ ಶೇ 33ರಷ್ಟು ಅವಕಾಶ ಇದ್ದೇ ಇರುತ್ತದೆ. ನಕ್ಷೆಯಲ್ಲಿ “ಹೆಚ್ಚು ಮಳೆಯ ಸಂಭವ ಶೇ 45” ಎಂದಿದ್ದರೆ, ಹೆಚ್ಚು ಮಳೆ ಆಗದಿರುವ ಸಂಭವ ಶೇ 55 ಎಂದೂ ಅದೇ ಹೇಳುತ್ತದೆ. ಜಿಲ್ಲೆಯ ಭಾಗ ಬಿಳಿಯಾಗಿದ್ದರೆ ಮೂರೂ ಪಾಲುಗಳಿಗೆ ಸಮಾನ ಅವಕಾಶವಿದೆ ಎಂದು ಅರ್ಥವೇ ಹೊರತು, ಮಳೆಯಿಲ್ಲ ಎಂದಲ್ಲ.

ಇನ್ನೊಂದು “ವಾಡಿಕೆ” ಇದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೈನಂದಿನ ವರದಿಗಳಲ್ಲಿ, ಬಿದ್ದ ಮಳೆಯು ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆ ಇರುವವರೆಗೂ “ವಾಡಿಕೆ” ಎಂದೇ ಬರೆಯಲಾಗುತ್ತದೆ. ಶೇ 20ರಿಂದ 59ರಷ್ಟು ಕಡಿಮೆಯಾದರೆ “ಕೊರತೆ”, ಅದನ್ನೂ ಮೀರಿದರೆ “ತೀವ್ರ ಕೊರತೆ”. ಇದು ಮುನ್ನೋಟವಲ್ಲ, ಬಿದ್ದ ಮಳೆಯ ಲೆಕ್ಕ. ಒಂದೇ ಪದ ಎರಡು ಕಡೆ ಎರಡು ಅಳತೆಯಲ್ಲಿ ಬಳಕೆಯಾಗುವುದರಿಂದ ಸಾಮಾನ್ಯ ಸಭೆಗಳಲ್ಲಿ ಆಗಾಗ ಗೊಂದಲವಾಗುವುದು ಸಹಜ. ಅದೂ ಅಲ್ಲದೆ, ಅಕ್ಟೋಬರ್ ತಿಂಗಳ ಮೊದಲ ಮೂರು ವಾರ ಒಣಗಿ ಕೊನೆಯ ಮೂರು ದಿನದಲ್ಲಿ ತಿಂಗಳ ಮಳೆಯೆಲ್ಲ ಸುರಿದರೂ ವರದಿಯಲ್ಲಿ “ವಾಡಿಕೆ” ಎಂದೇ ಕಾಣುತ್ತದೆ. ತೆನೆ ಕಟ್ಟುವ ಹೊತ್ತಿನಲ್ಲಿ ನೀರಿಲ್ಲದೆ ಜೊಳ್ಳಾದ ರಾಗಿಗೆ ಆ ಪದದಿಂದ ಪ್ರಯೋಜನವಿಲ್ಲ.

ಪೆಸಿಫಿಕ್ ಸಾಗರದ ಎಲ್ ನಿನೊ, ಲಾ ನಿನಾ ಸ್ಥಿತಿಗಳ ಬಗ್ಗೆಯೂ ಇತ್ತೀಚೆಗೆ ಹಳ್ಳಿಗಳಲ್ಲಿ ಮಾತು ಕೇಳಿಬರುತ್ತದೆ. ಸಾಮಾನ್ಯವಾಗಿ ಎಲ್ ನಿನೊ ಮುಂಗಾರನ್ನು ಕುಗ್ಗಿಸುತ್ತದೆ, ಹಿಂಗಾರಿಗೆ ಅನುಕೂಲವಾಗಿರುತ್ತದೆ. ಲಾ ನಿನಾ ಇದಕ್ಕೆ ವಿರುದ್ಧ. ಆದರೆ ಈ ನಿಯಮವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದಕ್ಕೆ ಎರಡು ವರ್ಷಗಳನ್ನು ಎದುರುಬದುರು ಇಟ್ಟು ನೋಡಿದರೆ ಸಾಕು. 2016ರ ಶರತ್ಕಾಲದಲ್ಲಿ ದುರ್ಬಲ ಲಾ ನಿನಾ ಇತ್ತು. ಹಿಂಗಾರು ದಕ್ಷಿಣದ ರಾಜ್ಯಗಳಿಗೆ ಸಂಪೂರ್ಣವಾಗಿ ಕೈಕೊಟ್ಟಿತು. 2021ರಲ್ಲೂ ಲಾ ನಿನಾ ಇತ್ತು. ಹಿಂಗಾರು ವಾಡಿಕೆಯನ್ನು ಬಹಳವಾಗಿ ಮೀರಿ ಸುರಿಯಿತು. ಹಿಂದೂ ಮಹಾಸಾಗರದ ಉಷ್ಣತೆಯೂ ಕೊಲ್ಲಿಯಲ್ಲಿ ಏಳುವ ಕುಸಿತಗಳ ದಾರಿಯೂ ಬೇರೆ ಬೇರೆಯಾಗಿದ್ದುದರಿಂದ ಫಲ ಬೇರೆಯಾಯಿತು. ಎಲ್ ನಿನೊ ವರ್ಷವಾದ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮುಂಗಾರಿನ ಕೊರತೆಯನ್ನು ಹಿಂಗಾರು ತುಂಬಿಕೊಡಲಿಲ್ಲ.

ಇಷ್ಟೆಲ್ಲ ಮಿತಿಗಳಿದ್ದ ಮೇಲೆ ಋತುವಿನ ಮುನ್ನೋಟದಿಂದ ಉಪಯೋಗವೇನು ಎಂಬ ಪ್ರಶ್ನೆ ಏಳಬಹುದು. ಹಣ ಮತ್ತು ಸಿದ್ಧತೆಯ ನಿರ್ಧಾರಗಳಿಗೆ ಅದು ಉಪಯೋಗಕ್ಕೆ ಬರುತ್ತದೆ: ಬೇಸಿಗೆಯ ಕುಡಿಯುವ ನೀರಿನ ಯೋಜನೆ, ಮೇವಿನ ಸಂಗ್ರಹ, ಕೆರೆ ದುರಸ್ತಿಯ ಆದ್ಯತೆ. ದಿನದ ನಿರ್ಧಾರಗಳಿಗೆ ಬೇರೆ ಮುನ್ಸೂಚನೆಗಳಿವೆ. ಹವಾಮಾನ ಇಲಾಖೆಯು ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆಯನ್ನು ಹೊರಡಿಸುತ್ತದೆ. ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ವರದಿ ಬರುತ್ತದೆ. ಈ ಜಿಲ್ಲೆಗೆ ಅದನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯ ಹವಾಮಾನ ವಿಭಾಗ ಸಿದ್ಧಪಡಿಸುತ್ತದೆ. ಮೇಘದೂತ್ ಆ್ಯಪ್‌ನಲ್ಲಿಯೂ ಅದು ಕನ್ನಡದಲ್ಲಿ ದೊರೆಯುತ್ತದೆ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಹೋಬಳಿ ಮಟ್ಟದ ಮಾಹಿತಿ ಕೇಳಬಹುದು.

ಈ ವರದಿಗಳ ಭಾಷೆಗೂ ಒಂದು ಕಟ್ಟುನಿಟ್ಟಿನ ಅಳತೆ ಇದೆ. “ಒಂದೆರಡು ಕಡೆ” ಎಂದರೆ ಮಳೆಮಾಪನ ಕೇಂದ್ರಗಳ ಕಾಲು ಭಾಗದೊಳಗೆ. “ಕೆಲವು ಕಡೆ” ಎಂದರೆ ಅರ್ಧದೊಳಗೆ. “ಹಲವು ಕಡೆ” ಎಂದರೆ ಮುಕ್ಕಾಲು ಭಾಗದೊಳಗೆ. “ಹೆಚ್ಚಿನ ಕಡೆ” ಎಂದರೆ ಅದಕ್ಕೂ ಮೇಲೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ “ಭಾರಿ ಮಳೆ”, 115.6ರಿಂದ “ಅತಿ ಭಾರಿ”, 204.5ರಿಂದ “ಅತ್ಯಂತ ಭಾರಿ” ಎಂದು ಕರೆಯುತ್ತಾರೆ. “ಒಂದೆರಡು ಕಡೆ ಭಾರಿ ಮಳೆ” ಎಂಬ ಸಾಲನ್ನು ಬಹಳಷ್ಟು ಜನ ಸಣ್ಣ ಸುದ್ದಿಯೆಂದು ತಳ್ಳಿಹಾಕುತ್ತಾರೆ. ಆ ಒಂದೆರಡು ಕಡೆಗಳಲ್ಲಿ ತಮ್ಮ ಪಂಚಾಯತಿಯೂ ಒಂದಾಗಿರಬಹುದು ಎಂಬುದೇ ಅದರ ಅರ್ಥ. 2024ರ ಅಕ್ಟೋಬರ್ ಮೂರನೆಯ ವಾರದಲ್ಲಿ ಯಲಹಂಕದ ಒಂದು ಭಾಗದಲ್ಲಿ ಒಂದೇ ರಾತ್ರಿ 150 ಮಿ.ಮೀ.ಗೂ ಹೆಚ್ಚು ಮಳೆಯಾದಾಗ ನಗರದ ಬೇರೆ ಭಾಗಗಳಲ್ಲಿ ಅದರ ಅರ್ಧವೂ ಬಿದ್ದಿರಲಿಲ್ಲ.

ಕೆರೆ, ಏರಿ, ಕೋಡಿ

ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳ ಸರಪಳಿಯಾಗಿ ಹೆಸರಘಟ್ಟದ ಕಡೆಗೆ ಇಳಿಯುತ್ತದೆ. ಅದೇ ಬೆಟ್ಟಸಾಲಿನ ದಕ್ಷಿಣ ಪಿನಾಕಿನಿಯು ದೇವನಹಳ್ಳಿಯನ್ನು ಹಾದು ಹೊಸಕೋಟೆಯ ದೊಡ್ಡ ಕೆರೆಯನ್ನು ತುಂಬುತ್ತದೆ. ಶಿವಗಂಗೆಯ ಬಳಿ ಹುಟ್ಟುವ ಕುಮುದ್ವತಿಯು ನೆಲಮಂಗಲದ ಮೂಲಕ ತಿಪ್ಪಗೊಂಡನಹಳ್ಳಿಗೆ ಸೇರುತ್ತದೆ. ಈ ಮೂರೂ ಬಹುಮಟ್ಟಿಗೆ ಕೆರೆಯಿಂದ ಕೆರೆಗೆ ಇಳಿಯುವ ನೀರಿನ ಸಾಲುಗಳು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಟ್ಟಿಗೆ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಆದ್ದರಿಂದ ಕೆರೆಯ ಸುರಕ್ಷತೆ ಒಂದು ಪಂಚಾಯತಿಯ ಗಡಿಯೊಳಗೆ ಮುಗಿಯುವ ವಿಷಯವಲ್ಲ. ಮೇಲಿನ ಊರಿನ ಅಧ್ಯಕ್ಷರ ಹಾಗೂ ನೀರುಗಂಟಿಯ ದೂರವಾಣಿ ಸಂಖ್ಯೆ ಕೆಳಗಿನ ಊರಿನ ಸದಸ್ಯರ ಬಳಿ ಇರುವುದು ಯಾವ ಮುನ್ನೋಟಕ್ಕಿಂತಲೂ ಕಡಿಮೆ ಉಪಯೋಗದ್ದಲ್ಲ.

ಲೆಕ್ಕವೊಂದನ್ನು ಇಲ್ಲಿ ಮಾಡಿ ನೋಡಬಹುದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು 10,000 ಲೀಟರ್ ನೀರು. 200 ಹೆಕ್ಟೇರ್ ಜಲಾನಯನವುಳ್ಳ ಸಾಧಾರಣ ಕೆರೆಯೊಂದರ ಮೇಲ್ಭಾಗದಲ್ಲಿ ಒಂದು ರಾತ್ರಿ 100 ಮಿ.ಮೀ. ಮಳೆಯಾದರೆ ಬಿದ್ದ ನೀರು 20 ಕೋಟಿ ಲೀಟರ್. ಮೇ ತಿಂಗಳ ಒಣ ನೆಲವಾದರೆ ಅದರಲ್ಲಿ ಕಾಲು ಭಾಗ, ಅಂದರೆ 5 ಕೋಟಿ ಲೀಟರ್ ಕೆರೆಗೆ ಹರಿಯಿತೆಂದು ಇಟ್ಟುಕೊಳ್ಳೋಣ. ಅಕ್ಟೋಬರ್ ತಿಂಗಳಿಡೀ ನೆನೆದ ನೆಲವಾದರೆ ಅರ್ಧ ಭಾಗ, 10 ಕೋಟಿ ಲೀಟರ್ ಹರಿಯಬಹುದು. ಕೆರೆಯ ಅಂಗಳ 20 ಹೆಕ್ಟೇರ್ ಇದ್ದರೆ ಮೊದಲಿನ ಸಂದರ್ಭದಲ್ಲಿ ನೀರು 25 ಸೆಂ.ಮೀ. ಏರುತ್ತದೆ, ಎರಡನೆಯದರಲ್ಲಿ 50 ಸೆಂ.ಮೀ. ಮೋಡದಿಂದ ಬಿದ್ದದ್ದು ಎರಡೂ ಬಾರಿ ಒಂದೇ. ಆದ್ದರಿಂದ ನವೆಂಬರ್ ತಿಂಗಳ ಕಿತ್ತಳೆ ಎಚ್ಚರಿಕೆಯನ್ನು, ಕೆರೆಗಳು ತುಂಬಿರುವ ವರ್ಷದಲ್ಲಿ, ಕೆಂಪು ಎಚ್ಚರಿಕೆಯಷ್ಟೇ ಗಂಭೀರವಾಗಿ ಪರಿಗಣಿಸುವುದು ವಿವೇಕ.

ಈ 50 ಸೆಂ.ಮೀ. ಹೊರಹೋಗಲು ಇರುವ ದಾರಿ ಕೋಡಿ ಒಂದೇ. ನೀರು ಹೆಚ್ಚು ದಿನ ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಮೂಟೆ ಇಡುವುದು, ಮೀನು ಹೊರಹೋಗದಿರಲೆಂದು ಬಲೆ ಅಥವಾ ತಂತಿಜಾಲರಿ ಕಟ್ಟುವುದು ಹಲವು ಕಡೆ ಕಾಣುವ ರೂಢಿ. ಜಾಲರಿಗೆ ಕಳೆ, ಪ್ಲಾಸ್ಟಿಕ್, ತೆಂಗಿನ ಗರಿ ಬಂದು ಸಿಕ್ಕಿಕೊಂಡರೆ ಒಂದು ಗಂಟೆಯೊಳಗೆ ಕೋಡಿ ಗೋಡೆಯಾಗುತ್ತದೆ. ನೀರು ಏರಿಯ ಅತಿ ತಗ್ಗಾದ ಜಾಗವನ್ನು ಹುಡುಕುತ್ತದೆ. ಕೋಡಿಯ ಕೆಳಗಿನ ರಾಜಕಾಲುವೆ ಒತ್ತುವರಿಯಾಗಿದ್ದರೆ ಏರಿ ಉಳಿದರೂ ಕೆಳಗಿನ ಮನೆಗಳು ಉಳಿಯುವುದಿಲ್ಲ. ಬಡಾವಣೆಗಳು ವೇಗವಾಗಿ ಏಳುತ್ತಿರುವ ದೇವನಹಳ್ಳಿ, ನೆಲಮಂಗಲ, ಹೊಸಕೋಟೆಗಳ ಹೆದ್ದಾರಿ ಪಕ್ಕದ ಪಂಚಾಯತಿಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿತ ನೀರು ಸೇರುವ ಕೆರೆಗಳಲ್ಲಿ ಮತ್ತೊಂದು ಸಂಗತಿ ಗಮನಾರ್ಹ. ಹಿಂದೆ ಬೇಸಿಗೆಯಲ್ಲಿ ಬತ್ತಿ, ಹಿಂಗಾರಿಗೆ ಖಾಲಿ ಅಂಗಳ ಒಡ್ಡುತ್ತಿದ್ದ ಕೆರೆ ಈಗ ಸೆಪ್ಟೆಂಬರ್‌ನಲ್ಲೇ ಮುಕ್ಕಾಲು ತುಂಬಿರಬಹುದು. ಅಂತರ್ಜಲದ ದೃಷ್ಟಿಯಿಂದ ಇದು ಲಾಭ. ಪ್ರವಾಹವನ್ನು ತಡೆದುಕೊಳ್ಳುವ ಜಾಗ ಮಾತ್ರ ಕಡಿಮೆಯಾಯಿತು. ಅಂತಹ ಕೆರೆಗಳಲ್ಲಿ ಹಳೆಯ ಅನುಭವದ ಮೇಲೆ “ಈ ಕೆರೆ ಕೋಡಿ ಬಿದ್ದು ಇಪ್ಪತ್ತು ವರ್ಷವಾಯಿತು” ಎಂಬ ಭರವಸೆ ಸಲ್ಲದು.

ಏರಿಯ ಪರಿಶೀಲನೆಯನ್ನು ಎಂಜಿನಿಯರುಗಳಿಗೆ ಬಿಟ್ಟುಬಿಡುವ ಮನೋಭಾವ ಸಾಮಾನ್ಯ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳು ಸಣ್ಣ ನೀರಾವರಿ ಇಲಾಖೆಯ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆಯಲ್ಲಿವೆ ಎಂಬುದು ನಿಜ. ಆದರೆ ಏರಿಯ ಮೇಲೆ ದಿನವೂ ನಡೆಯುವವರು ಊರಿನವರು. ಏರಿಯ ಹೊರಮೈಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗುರುತು ಮಾಡಿ ದಿನಕ್ಕೆರಡು ಬಾರಿ ನೋಡುತ್ತಿರಬೇಕು. ಅದೇ ನೀರು ಕೆಂಪಾಗಿ, ಮಣ್ಣು ಹೊತ್ತು ಬರತೊಡಗಿದರೆ ಏರಿಯ ಒಳಗೆ ಕೊರೆತ ಆರಂಭವಾಗಿದೆ ಎಂದು ಅರ್ಥ, ತಡಮಾಡದೆ ತಹಶೀಲ್ದಾರರಿಗೂ ಸಂಬಂಧಿತ ಎಂಜಿನಿಯರಿಗೂ ತಿಳಿಸಿ ಕೆಳಗಿನ ಮನೆಗಳವರನ್ನು ಎಬ್ಬಿಸಬೇಕು. ಹೆಗ್ಗಣ, ಏಡಿಗಳ ಬಿಲ, ಏರಿಯ ಮೇಲೆ ಬೆಳೆದ ಜಾಲಿಯ ಬೇರು, ಎತ್ತಿನಗಾಡಿ ಹಾಗೂ ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಜಾಗ, ತೂಬಿನ ಸುತ್ತಲಿನ ಕುಸಿತ, ಇವನ್ನು ಸೆಪ್ಟೆಂಬರ್ ತಿಂಗಳಲ್ಲೇ ನೋಡಿ ಪಟ್ಟಿ ಮಾಡಿದರೆ ದುರಸ್ತಿಗೆ ಕಾಲಾವಕಾಶ ಇರುತ್ತದೆ. ಮಳೆ ಹಿಡಿದ ಮೇಲೆ ಏರಿಗೆ ಹಾಕಿದ ಹೊಸ ಮಣ್ಣು ಗಟ್ಟಿಯಾಗದೆ ಕೊಚ್ಚಿಹೋಗುತ್ತದೆ.

ಮುನ್ನೋಟವು ಕೊರತೆಯ ಕಡೆಗಿದ್ದರೆ ಗಮನ ತಿರುಗಬೇಕಾದದ್ದು ಪೋಷಕ ಕಾಲುವೆಗಳ ಕಡೆಗೆ. ಬೀಳುವ ಕಡಿಮೆ ಮಳೆಯಾದರೂ ಕೆರೆಗೆ ಬರಬೇಕು. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ವರ್ಗದಲ್ಲಿರುವುದರಿಂದ, ಅಕ್ಟೋಬರ್ ಕಳೆದರೂ ಕೆರೆಗಳು ಅರ್ಧ ತುಂಬದಿದ್ದರೆ ಫೆಬ್ರವರಿಯ ಕುಡಿಯುವ ನೀರಿನ ತೊಂದರೆಯನ್ನು ನವೆಂಬರ್‌ನಲ್ಲೇ ಸಭೆಯ ಮುಂದಿಡಬಹುದು. ಬತ್ತುವ ಸಂಭವವುಳ್ಳ ಕೊಳವೆಬಾವಿಗಳು, ಬಾಡಿಗೆಗೆ ಪಡೆಯಬಹುದಾದ ಖಾಸಗಿ ಕೊಳವೆಬಾವಿಗಳು, ಟ್ಯಾಂಕರ್ ಹೋಗಲು ದಾರಿಯಿಲ್ಲದ ಬೀದಿಗಳು ಯಾವುವೆಂದು ಊರಿನ ಸದಸ್ಯರಿಗೆ ಆಗಲೇ ತಿಳಿದಿರುತ್ತದೆ.

ಹೊಲದಲ್ಲಿರುವ ರಾಗಿ

ಜಿಲ್ಲೆಯ ಮುಖ್ಯ ಬೆಳೆ ರಾಗಿ. ಅದು ಬಹುಪಾಲು ಮಳೆಯಾಶ್ರಿತ. ಜಿಪಿಯು-28 ತಳಿ ಸುಮಾರು 110ರಿಂದ 115 ದಿನಗಳಲ್ಲಿ ಕುಯ್ಲಿಗೆ ಬರುತ್ತದೆ. ಜುಲೈ 25ರ ಸುಮಾರಿಗೆ ಬಿತ್ತಿದ್ದರೆ ನವೆಂಬರ್ ಮಧ್ಯಕ್ಕೆ, ಮಳೆ ತಡವಾಗಿ ಆಗಸ್ಟ್ 15ರ ಹೊತ್ತಿಗೆ ಬಿತ್ತಿದ್ದರೆ ಡಿಸೆಂಬರ್ ಮೊದಲ ವಾರಕ್ಕೆ ಕುಡುಗೋಲು ಹೊಲಕ್ಕಿಳಿಯುತ್ತದೆ. ಎರಡೂ ಕೊಲ್ಲಿಯ ಕುಸಿತಗಳ ಕಾಲವೇ. ತಡವಾದ ಮುಂಗಾರು ಕುಯ್ಲನ್ನೂ ಮುಂದಕ್ಕೆ ತಳ್ಳುತ್ತದೆಯಾದ್ದರಿಂದ, ಯಾವ ವಾರದಲ್ಲಿ ತಮ್ಮ ಪಂಚಾಯತಿಯ ರಾಗಿ ಅಪಾಯಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನು ಬಿತ್ತನೆಯ ದಿನಾಂಕದಿಂದ ಆಗಸ್ಟ್‌ನಲ್ಲೇ ಎಣಿಸಿಕೊಳ್ಳಬಹುದು.

ನಿಂತ ರಾಗಿಗೆ ಮಳೆ ಬಂದರೆ ಅದು ಒರಗಬಹುದು. ತೆನೆ ಕೊಯ್ದುಕೊಳ್ಳಲು ಇನ್ನೂ ಅವಕಾಶವಿರುತ್ತದೆ. ಕೊಯ್ದು ಅರಿಯಾಗಿ ನೆಲದ ಮೇಲೆ ಹಾಸಿದ ರಾಗಿಗೆ ಮೂರು ದಿನ ಬಿಡದೆ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ, ಉಳಿದದ್ದು ಕಪ್ಪಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಗುಣಮಟ್ಟದ ತಕರಾರಿಗೆ ಒಳಗಾಗುತ್ತದೆ. ಹುಲ್ಲೂ ಕೊಳೆಯುತ್ತದೆ. ಹಾಲಿನ ಆದಾಯವೇ ಆಧಾರವಾದ ಮನೆಗಳಲ್ಲಿ ಕಾಳಿನ ನಷ್ಟಕ್ಕಿಂತ ಹುಲ್ಲಿನ ನಷ್ಟ ಹೆಚ್ಚು ದಿನ ಕಾಡುತ್ತದೆ. ಪರಿಹಾರದ ಅರ್ಜಿಗಳಲ್ಲಿ ಮಾತ್ರ ಹುಲ್ಲಿನ ಮಾತು ಅಪರೂಪ. ಅಂದರೆ ಅಪಾಯವಿರುವುದು ಕೊಯ್ದ ದಿನದಿಂದ ಕಂತೆ ಕಟ್ಟಿ ಮೆದೆ ಹಾಕುವವರೆಗಿನ ಮೂರು ನಾಲ್ಕು ದಿನಗಳಲ್ಲಿ. ಜಿಲ್ಲಾ ಮಟ್ಟದ ಐದು ದಿನಗಳ ಮುನ್ಸೂಚನೆ ಸರಿಯಾಗಿ ಇಷ್ಟೇ ಅವಧಿಗೆ ಸಾಲುತ್ತದೆ. ಮಂಗಳವಾರ ಮತ್ತು ಶುಕ್ರವಾರದ ವರದಿಯನ್ನು ಹಾಲಿನ ಡೇರಿಯ ಫಲಕದಲ್ಲಿ ಬರೆಸುವ ವ್ಯವಸ್ಥೆ ಆದರೆ, ಬೆಳಗ್ಗೆ ಸಂಜೆ ಹಾಲು ಹಾಕಲು ಬರುವ ಪ್ರತಿಯೊಂದು ಮನೆಗೂ ಅದು ತಲುಪಿದಂತೆ. ಪಂಚಾಯತಿ ಕಚೇರಿಯ ಸೂಚನಾ ಫಲಕವನ್ನು ಅಷ್ಟು ಜನ ನೋಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕುಯ್ಲಿನ ಮತ್ತು ಒಕ್ಕಣೆಯ ಯಂತ್ರಗಳಿಗೆ ಒಂದೇ ವಾರದಲ್ಲಿ ಎಲ್ಲರ ಬೇಡಿಕೆ ಬರುತ್ತದೆ. ನೆಲ ನೆನೆದ ಮೇಲೆ ಯಂತ್ರ ಹೊಲಕ್ಕಿಳಿಯದು. ರೈತ ಸಂಪರ್ಕ ಕೇಂದ್ರದಲ್ಲಿ ದೊರೆಯುವ ಟಾರ್ಪಾಲುಗಳ ಅರ್ಜಿಯನ್ನು ಮೋಡ ಕಟ್ಟಿದ ದಿನ ಕೊಟ್ಟು ಫಲವಿಲ್ಲ. ತಳಿ ಹಾಗೂ ಕುಯ್ಲಿನ ಸಮಯದ ಬಗ್ಗೆ ಸಂದೇಹವಿದ್ದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಿಗೆ ಹಿಂಗಾರಿನ ತೇವದಲ್ಲಿ ಬೂಜು ರೋಗದ ಭಯವಿದೆ; ಮಳೆಯ ಮುನ್ನಾದಿನ ಸಿಂಪಡಿಸಿದ ಔಷಧ ತೊಳೆದುಹೋಗುತ್ತದೆ ಎಂಬುದಷ್ಟನ್ನು ಇಲ್ಲಿ ಹೇಳಿದರೆ ಸಾಕು.

ಗುಡುಗಿನ ಸಂಜೆಗಳಲ್ಲಿ ಸಿಡಿಲಿನಿಂದ ಕುರಿಗಾಹಿಗಳೂ ಹೊಲದ ಕೂಲಿಗಳೂ ಸಾಯುವ ಘಟನೆಗಳು ನಡೆಯುತ್ತಿರುತ್ತವೆ. ದಾಮಿನಿ ಆ್ಯಪ್ ಸುತ್ತಲಿನ ಸಿಡಿಲಿನ ಸೂಚನೆ ನೀಡುತ್ತದೆ. ನಾಲ್ಕಾರು ದಿನ ನೆನೆದ ಮಣ್ಣಿನ ಗೋಡೆಗಳ ಮನೆ, ಹಳೆಯ ಅಂಗನವಾಡಿ ಕಟ್ಟಡಗಳ ಪಟ್ಟಿಯನ್ನೂ ಏರಿಯ ಪಟ್ಟಿಯ ಜೊತೆಗೇ ಮಾಡಿಡುವುದು ಒಳಿತು.

ಮಳೆಮಾಪಕ, ದಿನಾಂಕ ಮತ್ತು ಪರಿಹಾರ

ನಷ್ಟವಾದ ಮೇಲೆ ರೈತನಿಗೆ ಸಿಗುವ ಹಣವು ಬಹಳಷ್ಟು ಸಂದರ್ಭಗಳಲ್ಲಿ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ. ವಿಕೋಪ ಪರಿಹಾರ ನಿಧಿಯ ಮಾನದಂಡದಲ್ಲಿ ಬೆಳೆ ನಷ್ಟ ಶೇ 33 ಅಥವಾ ಅದಕ್ಕೂ ಹೆಚ್ಚಿರಬೇಕು. ಇದನ್ನು ಕಂದಾಯ ಮತ್ತು ಕೃಷಿ ಇಲಾಖೆಯ ಜಂಟಿ ಸಮೀಕ್ಷೆ ನಿರ್ಧರಿಸುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ ಅಕಾಲಿಕ ಅಥವಾ ಚಂಡಮಾರುತದ ಮಳೆಯಿಂದ ನಷ್ಟವಾದರೆ, ಕುಯ್ಲಿನಿಂದ 14 ದಿನಗಳವರೆಗೆ ರಕ್ಷಣೆ ಇದೆ. ಆದರೆ ವಿಮೆ ಮಾಡಿಸಿದ ರೈತನು ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ಮಳೆ ಇನ್ನೂ ಸುರಿಯುತ್ತಿರುವಾಗಲೇ, ಹೊಲಕ್ಕೆ ಹೋಗಲಾಗದ ಸ್ಥಿತಿಯಲ್ಲೇ ಈ 72 ಗಂಟೆಗಳು ಕಳೆದುಹೋಗುತ್ತವೆ. ಸದಸ್ಯರು ಈ ಅವಧಿಯನ್ನು ನೆನಪಿಸುವುದು, ಫೋನ್ ಬಳಸಲು ಬಾರದ ಹಿರಿಯರ ಪರವಾಗಿ ದೂರು ದಾಖಲಾಗುವಂತೆ ನೋಡಿಕೊಳ್ಳುವುದು ಹಣ ಖರ್ಚಿಲ್ಲದ ಕೆಲಸ.

ಮೂರನೆಯದು ಮಳೆಯ ದಾಖಲೆ. ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಹವಾಮಾನ ಆಧಾರಿತ ತೋಟಗಾರಿಕಾ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದೇ ಈ ಮಾಪಕದ ಅಂಕಿಯಿಂದ. ಅದರ ಪಕ್ಕದಲ್ಲಿ ಬೆಳೆದ ತೇಗದ ರೆಂಬೆ, ಮೇಲೆ ಕಟ್ಟಿದ ಹಕ್ಕಿ ಗೂಡು, ಹೊಸದಾಗಿ ಎದ್ದ ಕಾಂಪೌಂಡ್ ಗೋಡೆ, ಇವುಗಳಿಂದ ಅಂಕಿ ಕಡಿಮೆಯಾದರೆ ಇಡೀ ಪಂಚಾಯತಿಯ ಬೆಳೆಗಾರರ ಪಾಲು ಕಡಿಮೆಯಾದಂತೆ. ತೊಂದರೆ ಕಂಡಲ್ಲಿ ಮಾಪಕವನ್ನು ಮುಟ್ಟದೆ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಬೇಕು.

ದಿನಾಂಕದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಹವಾಮಾನ ದಾಖಲೆಯಲ್ಲಿ ದಿನವೆಂದರೆ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ, ಆ ಮಳೆಯನ್ನು ಎರಡನೆಯ ದಿನಾಂಕದಡಿ ಬರೆಯಲಾಗುತ್ತದೆ. ನವೆಂಬರ್ 18ರ ರಾತ್ರಿ ಹತ್ತಕ್ಕೆ ಸುರಿದ ಮಳೆ ವರದಿಯಲ್ಲಿ 19ರ ಮಳೆಯಾಗಿ ಕಾಣುತ್ತದೆ. ರೈತನು ಅರ್ಜಿಯಲ್ಲಿ 18 ಎಂದು ಬರೆದು, ಮಳೆ ವರದಿಯಲ್ಲಿ 18ರಂದು ಸೊನ್ನೆ ಎಂದಿದ್ದರೆ ಅರ್ಜಿ ಸುಳ್ಳೆಂಬಂತೆ ತೋರುವುದುಂಟು. ಪಂಚನಾಮೆ ಬರೆಯುವಾಗ “18ರ ರಾತ್ರಿ ಆರಂಭವಾಗಿ 19ರ ಬೆಳಗಿನವರೆಗೆ” ಎಂದು ಸಮಯ ಸಹಿತ ನಮೂದಿಸಿ, ಅದರ ಜೊತೆಗೆ ಎರಡೂ ದಿನಗಳ ಮಳೆ ವರದಿಯ ಪ್ರತಿಯನ್ನು ಲಗತ್ತಿಸುವಂತೆ ಗ್ರಾಮ ಆಡಳಿತಾಧಿಕಾರಿ ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಸದಸ್ಯರು ಮುಂಚಿತವಾಗಿ ಮಾತನಾಡಿಕೊಳ್ಳತಕ್ಕದ್ದು.